ಗದ್ದ ಹಿಡಿದ ಪ್ರಕರಣ

ಅಮೆರಿಕದ ನ್ಯಾಯಾಂಗ, ಅಲ್ಲಿನ ಪೊಲೀಸ್ ವ್ಯವಸ್ಥೆ ಹಾಗೂ ಒಟ್ಟಾರೆ ಪಾಶ್ಚಾತ್ಯ ನಾಗರಿಕತೆಯ ಅಳಿವು-ಉಳಿವಿಗೆ ಸಂಬಂಧಿಸಿದ ಮಹತ್ವದ ಬೆಳವಣಿಗೆಯೊಂದು ಕಳೆದ ಮಾರ್ಚ್ ತಿಂಗಳ ಒಂದು ಶನಿವಾರ ಮಧ್ಯಾಹ್ನ, ಜರ್ಮನಿಯ ರೆನ್ನಿಂಗೆನ್ ಊರಿನ ಬಾಡಿಗೆ ಮನೆಯೊಂದರ ಎರಡನೇ ಮಹಡಿಯಲ್ಲಿ ಸಂಭವಿಸಿತು. ಸುನಿಲಕುಮಾರ ಹೊಸ ಸ್ಪೀಕರುಗಳ ಪ್ಲಗ್ ಚುಚ್ಚಿದ.

ಸುನಿಲಕುಮಾರ ಮುಧೋಳದವನು. ವಾರದ ದಿನಗಳಲ್ಲಿ ಊರಂಚಿನ ದೊಡ್ಡ ಸಂಶೋಧನಾ ಕ್ಯಾಂಪಸ್ಸಿನಲ್ಲಿ ಕಾರಿನ ಬ್ರೇಕುಗಳ ಸೆನ್ಸರು ನೋಡಿಕೊಳ್ಳುತ್ತಿದ್ದ. ಶನಿವಾರ ಅಮೆರಿಕದ ಕೋರ್ಟುಗಳನ್ನು ನೋಡಿಕೊಳ್ಳುತ್ತಿದ್ದ. ಅವನ ಯೂಟ್ಯೂಬ್ ಚಾನೆಲ್ಲಿನ ಹೆಸರು 'ಕಾನೂನು ಕಟ್ಟೆ'. ಅಮೆರಿಕಕ್ಕೆ ಅವನು ಒಮ್ಮೆಯೂ ಹೋದವನಲ್ಲ. ಅದನ್ನು ಯಾರಾದರೂ ಕೆಣಕಿದರೆ, 'ಹೈಕೋರ್ಟ್ ಜಡ್ಜ್ ಏನು ಕೊಲೆ ಆದ ಜಾಗಾಕ್ಕ ಹೋಗಿ ಕೂಡ್ತಾನೇನು?' ಎನ್ನುತ್ತಿದ್ದ. ಜರ್ಮನಿಯ ಕೋರ್ಟುಗಳ ಬಗ್ಗೆ ಬಾಯಿಬಿಡಲು ವೀಸಾದ ಅಂಜಿಕೆ, ಭಾರತದ ಕೋರ್ಟುಗಳ ಬಗ್ಗೆ ಬಾಯಿಬಿಡಲು ಬೀಗರ ಅಂಜಿಕೆ. ಅಮೆರಿಕ ಮಾತ್ರ ಎಲ್ಲರಿಗೂ ಅನುಕೂಲವಾದ ದೇಶ.

ಅವನ ಸಿದ್ಧಾಂತವನ್ನು ಹಗುರವಾಗಿ ಕಾಣಬೇಕಾಗಿಲ್ಲ; ಅದರಲ್ಲಿ ತೂಕವಿತ್ತು. ಕೇಸು ಹಾಕುವುದಿಲ್ಲ ಎಂದು ಭಾಷೆ ಕೊಟ್ಟು ಓಟು ಗೆಲ್ಲುವ ಸರ್ಕಾರಿ ವಕೀಲರು, ತೀರ್ಪಿನ ಬದಲು ಸಮಾಜಶಾಸ್ತ್ರದ ಪ್ರಬಂಧ ಬರೆಯುವ ನ್ಯಾಯಾಧೀಶರು, ಆರೋಪಿಗೂ ಸರ್ಕಾರಕ್ಕೂ ನಡುವೆ ನಡೆಯುವ ಚೌಕಾಸಿ: ಈ ಮೂರರಿಂದ ಕಾನೂನು ಮೆತ್ತಗಾಗುತ್ತದೆ, ಮೆತ್ತಗಾದ ಕಾನೂನಿನಡಿ ಮೊದಲು ಸಾಯುವವನು ಶ್ರೀಮಂತನಲ್ಲ, ಕತ್ತಲೆ ಓಣಿಯಲ್ಲಿ ಮನೆ ಇರುವ ಬಡವ, ಎಂಬುದು ಅವನ ವಾದ. ಪೊಲೀಸರ ಗುಂಡೇಟಿನ ವಿಡಿಯೋಗಳನ್ನು ಚೌಕಟ್ಟು ಚೌಕಟ್ಟಾಗಿ ನಿಲ್ಲಿಸಿ ವಿವರಿಸುವುದು ಅವನ ವಿಶೇಷ. 'ಮಾರಿ ನೋಡಬ್ಯಾಡ್ರಿ, ಬಣ್ಣ ನೋಡಬ್ಯಾಡ್ರಿ. ಕೈ ನೋಡ್ರಿ. ಉದ್ದೇಶ ಕ್ಯಾಮೆರಾದಾಗ ಕಾಣಂಗಿಲ್ಲ, ಕೈ ಕಾಣ್ತದ' ಎಂಬ ಅವನ ಮಾತು ಹುಬ್ಬಳ್ಳಿಯಿಂದ ನ್ಯೂಜೆರ್ಸಿಯವರೆಗೆ ಪ್ರಸಿದ್ಧವಾಗಿತ್ತು. ಅವನ ತಂದೆ ಹಾಲಸಿದ್ದಪ್ಪ ಹೆಡ್ ಕಾನ್‌ಸ್ಟೇಬಲ್ ಆಗಿದ್ದವರು. ಸುನಿಲಕುಮಾರ ಬೆಳೆದದ್ದು ಠಾಣೆಯ ಹಿಂದಿನ ಕ್ವಾರ್ಟರ್ಸಿನಲ್ಲಿ.

ಆ ಶನಿವಾರದ ವಿಷಯ ಅಮೆರಿಕದ ಒಂದು ಸಣ್ಣ ಊರಿನ ಪೆಟ್ರೋಲ್ ಬಂಕು. ಕಾರಿನೊಳಗೆ ಒಬ್ಬ ಕೂತಿದ್ದಾನೆ, ಹೊರಗೆ ಪೊಲೀಸ್. ಕೈ ತೋರಿಸು ಎಂದು ಪೊಲೀಸ್ ಚೀರುತ್ತಾನೆ. ಕಾರಿನವನು ಸೀಟಿನ ಕೆಳಗೆ ಬಾಗುತ್ತಾನೆ. ಮೂರು ಗುಂಡು. ಕಿಟಕಿಯ ಗಾಜು ಒಳಗೆ ಸುರಿಯುತ್ತದೆ, ಪಕ್ಕದ ಸೀಟಿನ ಹೆಂಗಸು ಕಿರುಚುತ್ತಾಳೆ, ಅವಳ ಮಡಿಲಲ್ಲಿ ಅವನ ತಲೆ ಬೀಳುತ್ತದೆ. ಸೀಟಿನ ಕೆಳಗೆ ಇದ್ದದ್ದು ಉಬ್ಬಸದ ಪಂಪು. ಪೊಲೀಸನ ಮೇಲೆ ಕೊಲೆ ಕೇಸು ಬಿತ್ತು. ಆ ವಾರ ಜ್ಯೂರಿಯವರು ಅವನನ್ನು ಬಿಟ್ಟರು. ಸುನಿಲಕುಮಾರನಿಗೆ ಹಬ್ಬ.

ಕ್ಯಾಮೆರಾದ ಹಿಂದೆ ಶಾಹಬಾಜ್ ನಿಂತಿದ್ದ. ವಿಜಯಪುರದವನು, ಸ್ಟುಟ್‌ಗಾರ್ಟಿನಲ್ಲಿ ಸಾಫ್ಟ್‌ವೇರ್ ಕೆಲಸ. ಗೆಳೆಯನ ಒಂದು ಮಾತನ್ನೂ ಒಪ್ಪದೆ ಮೂರು ವರ್ಷದಿಂದ ಅವನ ಕಾರ್ಯಕ್ರಮ ಶೂಟ್ ಮಾಡುತ್ತಿದ್ದ.

'ಪಂಪ್ ಇತ್ತಲೇ ಅದು. ಉಸಿರು ಹಿಡದೈತಿ, ಪಂಪ್ ತಗೋಳಾಕ ಬಗ್ಗ್ಯಾನ' ಎಂದ ಶಾಹಬಾಜ್.

'ಪೊಲೀಸಗ ಹ್ಯಾಂಗ್ ಗೊತ್ತಾಗಬೇಕು?'

'ಕೇಳಬೇಕು.'

'ಕೇಳೂದ್ರಾಗ ಗುಂಡ್ ಬಿದ್ರ? ಅವನ ಹೆಣ್ತಿಗೆ ನೀ ಪಿಂಚಣಿ ಕೊಡ್ತೀಯೇನು?'

'ಈಗ ಇವನ ಹೆಣ್ತಿಗೆ ಯಾರ್ ಕೊಡ್ತಾರ? ನೀ ಕೊಡ್ತಿ?'

'ಹೇಳಿದ್ದು ಕೇಳಿದ್ರ ಸಾಯ್ತಿದ್ದಿಲ್ಲ. ಮುಗೀತು. ಕೈ ಮ್ಯಾಲ ಎತ್ತು ಅಂದ್ರ ಎತ್ತಬೇಕು. ಮುಟ್ಟಬಾರದು, ಬಗ್ಗಬಾರದು, ವಾದ ಮಾಡಬಾರದು. ಸೌಂಡ್ ಹಚ್ಚು.'

ಶಾಹಬಾಜ್ ಸೌಂಡ್ ಹಚ್ಚಿದ. ಹೊಸ ಸ್ಪೀಕರುಗಳು ಬೆಲೆಗೆ ತಕ್ಕ ಕೆಲಸ ಮಾಡಿದವು. ಮೂರು ಗುಂಡಿಗೆ ಮನೆಯ ಕಿಟಕಿ ಗಾಜು ನಡುಗಿತು; ಹೆಂಗಸಿನ ಕಿರುಚಾಟ ಪಡಸಾಲೆಯಿಂದ ಎದ್ದು ಮೆಟ್ಟಿಲಿಗೆ ಹೋಯಿತು.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನೀಲವ್ವ ಕೂಗಿದಳು. ಸುನಿಲಕುಮಾರನ ತಾಯಿ, ಫೆಬ್ರವರಿಯಲ್ಲಿ ವಿಸಿಟರ್ ವೀಸಾದ ಮೇಲೆ ಬಂದಿದ್ದಳು, ಬರುವಾಗ ಜೋಳದ ಹಿಟ್ಟು ತಂದಿದ್ದಳು.

'ಯಾರನ್ನ ಕೊಲ್ಲಾಕತ್ತೀಯೋ ಸುನ್ಯಾ?'

'ಇಲ್ಲಿ ಅಲ್ಲವ್ವಾ, ಅಮೆರಿಕಾದಾಗ.'

'ಸಾವಕಾಶ ಕೊಲ್ಲು. ರೊಟ್ಟಿ ಹರ್ಯಾಕತ್ತಾವ.'

ವಿಡಿಯೋ ಮತ್ತೆ ಮತ್ತೆ ಓಡಲಿ ಎಂದು ಸುನಿಲಕುಮಾರ ಹೇಳಿದ. ಪ್ರತಿ ಸಲ ಗುಂಡು ಹಾರುವ ಮುನ್ನ ನಿಲ್ಲಿಸಿ 'ಕೈ, ಕೈ, ಕೈ ನೋಡ್ರಿ!' ಎಂದು ಮೈಕಿನಲ್ಲಿ ಅರಚುತ್ತಿದ್ದ. ಆಮೇಲೆ ಗುಂಡು, ಗಾಜು, ಕಿರುಚಾಟ. ಮತ್ತೆ 'ಕೈ, ಕೈ!'

ಕೆಳಗಿನ ಮನೆಯ ಫ್ರಾವ್ ಹೇಬರ್ಲೆ, ಅಂದರೆ ಹೇಬರ್ಲೆ ಮೇಡಂ, ನಿವೃತ್ತ ಶಾಲಾ ಶಿಕ್ಷಕಿ. ಮಧ್ಯಾಹ್ನದ ನಿದ್ದೆಯಿಂದ ಎದ್ದು ಕೂತು ಆಕೆ ಕೇಳಿಸಿಕೊಂಡದ್ದು ಇಷ್ಟು: ಬಂದೂಕಿನ ಸದ್ದು, ಹೆಂಗಸೊಬ್ಬಳ ಪ್ರಾಣಹೋಗುವ ಕೂಗು, ಗಂಡಸೊಬ್ಬನ ವಿದೇಶಿ ಭಾಷೆಯ ಅಬ್ಬರ, ಇದೆಲ್ಲದರ ಕೆಳಗೆ ಏನನ್ನೋ ಲಯಬದ್ಧವಾಗಿ ಬಡಿಯುವ ಸದ್ದು. ಆಕೆ ಪೊಲೀಸರಿಗೆ ಫೋನ್ ಮಾಡಿದಳು. ಯಾರು ಮಾಡುತ್ತಿರಲಿಲ್ಲ?

ಬಂದವರು ಹೆಲ್ಮೆಟ್ ಹಾಕಿದ್ದರು, ಗುಂಡು ತಡೆಯುವ ಕವಚ ತೊಟ್ಟಿದ್ದರು, ಶೀಲ್ಡ್ ಹಿಡಿದಿದ್ದರು. ಬಾಗಿಲು ಬಡಿದರು. 'ಪೊಲಿಟ್ಸೈ! ಔಫ್‌ಮಾಖೆನ್!': ಪೊಲೀಸ್, ಬಾಗಿಲು ತೆಗೆಯಿರಿ.

ಒಳಗೆ ಶಾಹಬಾಜ್ ಮೆಚ್ಚುಗೆಯಿಂದ ತಲೆ ಆಡಿಸಿದ. 'ಭಾರಿ ಅದಾವು ಮಾರಾಯ ಸ್ಪೀಕರ್. ನಮ್ಮ ಬಾಗಲಾನ ಬಡದಂಗ ಆತು.'

ಎರಡನೇ ಏಟಿಗೆ ಬಾಗಿಲ ಚೌಕಟ್ಟು ಸೀಳಿತು. ಮೂರನೆಯದಕ್ಕೆ ಬಾಗಿಲು ಚಪ್ಪಲಿ ಸ್ಟ್ಯಾಂಡಿನ ಮೇಲೆ ಮಲಗಿತು.

ಇಲ್ಲಿ ಸುನಿಲಕುಮಾರನಿಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಮೂರು ವರ್ಷದಿಂದ ಲೋಕಕ್ಕೆ ಬೋಧಿಸಿದ್ದನ್ನು ಅವನು ಅಕ್ಷರಶಃ ಪಾಲಿಸಿದ. ಕೈ ಎತ್ತಿದ, ಬೆರಳು ಅಗಲಿಸಿದ, ಮೊಣಕಾಲೂರಿದ, ಕೇಳುವ ಮುನ್ನವೇ ಬೋರಲು ಮಲಗಿದ. 'ಇಶ್ ಕೊಓಪೆರೀರೆ!' ಎಂದು ನೆಲಕ್ಕೆ ಹೇಳಿದ: ನಾನು ಸಹಕರಿಸುತ್ತಿದ್ದೇನೆ. ಕೆಂಪು ಗಡ್ಡದ ಯುವ ಅಧಿಕಾರಿಯೊಬ್ಬ ಅವನ ಬೆನ್ನಿಗೆ ಮೊಣಕಾಲು ಒತ್ತಿ ತೋಳನ್ನು ಹಿಂದಕ್ಕೆ ತಿರುಚಿದ. ಭುಜದಲ್ಲಿ ಏನೋ ಕಿತ್ತ ಸದ್ದಾಯಿತು. ಸುನಿಲಕುಮಾರ ಹಲ್ಲು ಕಚ್ಚಿದ. ಅದು ನಿಯಮದ ಪ್ರಕಾರವೇ ಇತ್ತು.

ಶಾಹಬಾಜ್‌ಗೆ ಅಷ್ಟು ತರಬೇತಿ ಇರಲಿಲ್ಲ. ಅವನು ಕ್ಯಾಮೆರಾ ಬೀಳದಿರಲಿ ಎಂದು ಸ್ಟ್ಯಾಂಡ್ ಹಿಡಿಯಲು ಹೋದ. ಶೀಲ್ಡಿನ ಅಂಚು ಅವನ ಮೂಗಿಗೆ ಬಡಿಯಿತು. ಗಡ್ಡದಿಂದ ಇಳಿದ ರಕ್ತ ಕಾರ್ಪೆಟ್ಟಿನ ಮೇಲೆ ಹನಿಯುತ್ತಿತ್ತು. ಅಷ್ಟರಲ್ಲಿ ನಿಲ್ಲಿಸುವವರಿಲ್ಲದೆ ಓಡುತ್ತಿದ್ದ ವಿಡಿಯೋ ಮತ್ತೆ ಅದೇ ಜಾಗಕ್ಕೆ ಬಂತು. ಮೂರು ಗುಂಡು. ಪಿಸ್ತೂಲುಗಳೆಲ್ಲ ಒಮ್ಮೆಗೇ ಸದ್ದಿನ ಕಡೆ ಹೊರಳಿದವು. ಒಬ್ಬ ಪೊಲೀಸ್ ಶೀಲ್ಡ್ ಎತ್ತಿ ಎಡಗಡೆಯ ಸ್ಪೀಕರನ್ನು ಅದು ಸಾಯುವವರೆಗೆ ಬಡಿದ. ಬಲಗಡೆಯದು ಒಂಟಿಯಾಗಿ ಕಿರುಚುತ್ತಲೇ ಇತ್ತು.

ನೀಲವ್ವ ಅಡುಗೆಮನೆಯಿಂದ ಹೊರಬಂದದ್ದು ಆಗ. ಅವಳಿಗೆ ಕಂಡದ್ದು: ನೆಲದ ಮೇಲೆ ಮಗ, ಅವನ ಮೇಲೆ ಒಬ್ಬ ಪೊಲೀಸ್, ಕಿವಿಯಲ್ಲಿ ಇನ್ನೂ ಗುಂಡಿನ ಸದ್ದು. ಅವಳು ಕಿರುಚಲಿಲ್ಲ, ಓಡಲಿಲ್ಲ. ಗೊತ್ತಿದ್ದ ಕೆಲಸಕ್ಕೆ ಹೋಗುವವಳಂತೆ ನಡೆದು ಬಂದಳು. ಕೆಂಪು ಗಡ್ಡದವನ ಮುಂದೆ ಬಾಗಿ, ಹಿಟ್ಟಿನ ಕೈಯಿಂದ ಅವನ ಗದ್ದ ಹಿಡಿದು, 'ಯಪ್ಪಾ, ನನ್ನಪ್ಪಾ, ಸಾಕೋ' ಎಂದಳು.

ಅವನು ಮೊಣಕೈಯಿಂದ ಅವಳನ್ನು ಎತ್ತಿ ಎಸೆದ. ನೀಲವ್ವ ಹಗುರವಾದ ಹೆಂಗಸು. ಕಾಲು ನೆಲ ಬಿಟ್ಟಿತು, ಸೊಂಟ ಮೇಜಿನ ಮೂಲೆಗೆ ಬಡಿಯಿತು, ಹಸಿ ಕಟ್ಟಿಗೆ ಮುರಿದಂಥ ಸದ್ದು ಬಂತು. ಅದು ಸ್ಪೀಕರಿನದಲ್ಲ ಎಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಾಯಿತು.

ಮನೆಯಲ್ಲಿ ಬಂದೂಕಿಲ್ಲ, ಹೆಣವಿಲ್ಲ ಎಂಬುದು ಬೇಗನೆ ಖಚಿತವಾಯಿತು. ಆಂಬ್ಯುಲೆನ್ಸ್ ಬಂತು. ಸುನಿಲಕುಮಾರನ ಹೆಂಡತಿ ಮಧುಮತಿ ಕೌಫ್‌ಲಾಂಡ್ ಅಂಗಡಿಯಿಂದ ತರಕಾರಿ ಚೀಲ ಹೊತ್ತು ಮೆಟ್ಟಿಲು ಹತ್ತುವಾಗ ಅತ್ತೆ ಸ್ಟ್ರೆಚರಿನ ಮೇಲೆ ಇಳಿಯುತ್ತಿದ್ದಳು.

'ಹಂಚಿನ ಮ್ಯಾಲ ರೊಟ್ಟಿ ಐತಿ, ನೋಡು' ಎಂದಳು ನೀಲವ್ವ. ಆಮೇಲೆ ಪ್ರಜ್ಞೆ ತಪ್ಪಿದಳು.

*

ಸೊಂಟಕ್ಕೆ ಸ್ಟೀಲಿನ ರಾಡು ಹಾಕಿದರು. ವೀಸಾ ಮುಗಿಯುವ ಮೊದಲು ವೈದ್ಯರ ಪತ್ರದ ಮೇಲೆ ಅದನ್ನು ವಿಸ್ತರಿಸಿದರು. ಅವಳ ಹೆಸರಿಗೆ ಅಂಚೆಯಲ್ಲಿ ಹಳದಿ ಲಕೋಟೆಯೊಂದು ಬಂತು: ಕರ್ತವ್ಯದಲ್ಲಿದ್ದ ಅಧಿಕಾರಿಯ ಮೇಲೆ ಹಲ್ಲೆ ಮಾಡಿದ ಅಪರಾಧ. ಕೊಮಿಸ್ಸಾರ್ ಲೆಂಟ್ಸ್, ಅಂದರೆ ಆ ಕೆಂಪು ಗಡ್ಡದವನು, ಮುದುಕಿ ತನ್ನ ಗಂಟಲಿಗೆ ಕೈ ಹಾಕಿದಳು ಎಂದು ಹೇಳಿಕೆ ಕೊಟ್ಟಿದ್ದ. ಅವನ ಗಡ್ಡಕ್ಕೆ ಹತ್ತಿದ್ದ ಬಿಳಿ ಪುಡಿಯನ್ನು ಪ್ರಯೋಗಾಲಯಕ್ಕೆ ಕಳಿಸಿದ್ದರು. ಜೋಳ ಎಂದು ವರದಿ ಬಂದಿತ್ತು.

'ಗಂಟ್ಲಾ ಹಿಡೀಬೇಕಂದ್ರ ಗಂಟ್ಲನ ಹಿಡೀತಿದ್ದೆ' ಎಂದಳು ನೀಲವ್ವ ಆಸ್ಪತ್ರೆಯ ಹಾಸಿಗೆಯಿಂದ. 'ನಿಮ್ಮಪ್ಪಗ ಹಿಂಗ ಗದ್ದಾ ಹಿಡದು ಎಷ್ಟ್ ಮಂದೀನ ಬಿಡಸೇನಿ, ಲೆಕ್ಕ ಐತೇನು? ಠಾಣೇದಾಗ ಬೆಲ್ಟ್ ತಗೊಂಡು ಹೊಡ್ಯಾಕತ್ರ ಅವರಿಗೆ ದೇವರು ಕಾಣ್ತಿರಲಿಲ್ಲ. ನಾ ಹೋಗಿ ಗದ್ದಾ ಹಿಡದ್ರ ಕೈ ತಾನ ಇಳೀತಿತ್ತು. ಎಂಥಾ ಪೊಲೀಸೋ ಇವಾ, ಇಷ್ಟೂ ತಿಳ್ಯಂಗಿಲ್ಲ?'

'ಇಲ್ಲೇ ಹಂಗ ಮುಟ್ಟಬಾರದವ್ವಾ' ಎಂದ ಸುನಿಲಕುಮಾರ.

'ಹೊಡೀಬಹುದು?'

ಅದಕ್ಕೆ ಅವನಲ್ಲಿ ಉತ್ತರವಿತ್ತು. ಯೂಟ್ಯೂಬಿನಲ್ಲಿ ಹಲವು ಸಲ ಕೊಟ್ಟದ್ದೇ. ಆದರೆ ತಾಯಿಯ ಕಾಲಿಗೆ ಮರಳಿನ ಚೀಲ ಕಟ್ಟಿದ್ದರು. ಅವಳ ಹೊದಿಕೆ ಸರಿಪಡಿಸಿದ.

ಶಾಹಬಾಜನ ಕ್ಯಾಮೆರಾ ಬೀಳದೆ ಉಳಿದಿತ್ತು, ಎಲ್ಲವನ್ನೂ ಹಿಡಿದಿತ್ತು. ಮೂಗಿಗೆ ಪಟ್ಟಿ ಹಾಕಿಕೊಂಡ ಶಾಹಬಾಜ್, ಒಂದು ಕೈಯನ್ನು ಕೊರಳಿನ ಜೋಳಿಗೆ ಪಟ್ಟಿಯಲ್ಲಿ ಇಳಿಬಿಟ್ಟ ಸುನಿಲಕುಮಾರ, ಹೊಸ ಬಾಗಿಲಿಗೆ ಬೆನ್ನು ಮಾಡಿ ಕೂತ ಮಧುಮತಿ, ಮೂವರೂ ಅದನ್ನು ನೋಡಿದರು. ಚೌಕಟ್ಟು ಚೌಕಟ್ಟಾಗಿ. ನೀಲವ್ವನ ಬೆನ್ನು ಅಡ್ಡ ಇತ್ತು. ಕೈ ಮೇಲೇರುವುದು ಕಾಣುತ್ತಿತ್ತು. ಎಲ್ಲಿ ಹೋಗಿ ಕೂತಿತು ಎಂಬುದು ಕಾಣುತ್ತಿರಲಿಲ್ಲ.

'ಏನ್ ಅಂತೀ ಕಾನೂನು ಪಂಡಿತ?' ಶಾಹಬಾಜ್ ಕೇಳಿದ. 'ಕೈ ನೋಡು.'

ಸುನಿಲಕುಮಾರ ಇನ್ನೊಮ್ಮೆ ಹಿಂದಕ್ಕೆ ಓಡಿಸಿ ನೋಡಿದ. 'ಅವನ ಜಾಗಾದಾಗ ನಾ ಇದ್ರೂ ನೂಕತಿದ್ದೆ' ಎಂದ.

'ನಿನ್ನ ಅವ್ವನ್ನ.'

'ಅವಗ ಅಕಿ ನನ್ನ ಅವ್ವ ಅಂತ ಹ್ಯಾಂಗ್ ಗೊತ್ತಾಗಬೇಕು?'

ಮಧುಮತಿ ಎದ್ದು ಲ್ಯಾಪ್‌ಟಾಪ್ ಮುಚ್ಚಿದಳು. ಸ್ವಲ್ಪ ಜೋರಾಗಿಯೇ ಮುಚ್ಚಿದಳು. ಸುನಿಲಕುಮಾರನ ಬೆರಳು ಒಳಗಿತ್ತು.

ನೀಲವ್ವನ ಪರ ವಕೀಲೆ ಫ್ರಾವ್ ಕ್ಲಿಂಗ್ಲರ್ ಒಳ್ಳೆಯ ಸುದ್ದಿ ತಂದಳು. ಒಂದು ದತ್ತಿ ಸಂಸ್ಥೆಗೆ ಚಿಕ್ಕ ಮೊತ್ತ ಕೊಟ್ಟರೆ ಸರ್ಕಾರಿ ವಕೀಲರು ಕೇಸು ಕೈಬಿಡುತ್ತಾರೆ. ತಪ್ಪು ಒಪ್ಪಿಕೊಳ್ಳಬೇಕಾಗಿಲ್ಲ. ಕೋರ್ಟಿಗೂ ಬರಬೇಕಾಗಿಲ್ಲ. ಬೇಡ ಎಂದು ಕೋರ್ಟಿಗೆ ಹೋಗಿ ಸೋತರೆ ಶಿಕ್ಷೆ ದಾಖಲಾಗುತ್ತದೆ. ಮತ್ತೆ ಜರ್ಮನಿಯ ವೀಸಾ ಸಿಗುವುದು ಕಷ್ಟ. ಮಗನ ಮನೆಗೆ ಇದೇ ಕೊನೆಯ ಪ್ರಯಾಣವಾದೀತು. ವಕೀಲೆ ಸಹಿ ಹಾಕಲು ಪೆನ್ನನ್ನೂ ತೆಗೆದಿಟ್ಟಳು.

ಸುನಿಲಕುಮಾರ ಬೇಡ ಎಂದ.

'ರೀ, ಹುಚ್ಚ ಹಿಡದೈತೇನ್ರಿ?' ಎಂದಳು ಮಧುಮತಿ.

'ಮೂರು ವರ್ಷದಿಂದ ನಾ ಏನ್ ಹೇಳ್ಕೋತ ಬಂದೇನಿ? ಚೌಕಾಸಿ ಮಾಡೋ ಕಾನೂನು ಕಾನೂನಲ್ಲ. ತಪ್ಪ ಮಾಡಿದ್ರ ಶಿಕ್ಷಾ ಆಗಲಿ, ಮಾಡಿಲ್ಲಂದ್ರ ಬಿಡಲಿ. ನಡುವ ವ್ಯಾಪಾರ ಯಾಕ?'

'ಯೂಟ್ಯೂಬದಾಗ ಹೇಳಿದ್ದಕ್ಕ ಅತ್ತೀನ ಬಲಿ ಕೊಡ್ತೀರಿ?'

'ಅವ್ವನ್ನ ಕೇಳೋಣು. ಕೇಸ್ ಅಕೀದು.'

ನೀಲವ್ವನನ್ನು ಕೇಳಿದರು. ಹಣ ಕೊಟ್ಟರೆ ಬಿಡುತ್ತಾರೆ ಎಂದು ಶಾಹಬಾಜ್ ವಿವರಿಸಿದ. ಅವಳು ದಿಂಬಿನಿಂದ ತಲೆ ಎತ್ತಿದಳು. 'ನಾ ಏನ್ ಮಾಡೇನಿ ಅಂತ ರೊಕ್ಕಾ ಕೊಡ್ಲಿ? ಠಾಣೇಕ ರೊಕ್ಕಾ ಕೊಡೋರನ್ನ ಜೀವಮಾನ ನೋಡೇನಿ. ತಪ್ಪ ಇದ್ದವರ ಕೊಡ್ತಾರ.'

'ಅವ್ವಾರ, ಇದು ಲಂಚ ಅಲ್ರೀ, ರಸೀದಿ ಕೊಡ್ತಾರ.'

'ರಸೀದಿ ಕೊಟ್ಟು ತಗೋತಾರೇನು? ನಾಚಿಕಿ ಇಲ್ಲದವರು!'

ತಾಯಿ-ಮಗ ಒಂದು ವಿಷಯದಲ್ಲಿ ಒಪ್ಪಿದ್ದು ತನ್ನ ಮದುವೆಯಾದ ಮೇಲೆ ಇದೇ ಮೊದಲು ಎಂದು ಮಧುಮತಿ ಆಮೇಲೆ ಹೇಳಿದಳು. ವಕೀಲೆ ಪೆನ್ನನ್ನು ವಾಪಸು ಚೀಲಕ್ಕೆ ಹಾಕಿಕೊಂಡಳು.

*

ವಿಚಾರಣೆ ಜುಲೈನಲ್ಲಿ, ಕೆಳ ನ್ಯಾಯಾಲಯದ ಚಿಕ್ಕ ಕೋಣೆಯಲ್ಲಿ. ನ್ಯಾಯಾಧೀಶೆ ಒಬ್ಬಳೇ, ಬೆಳ್ಳಿಕೂದಲು, ಕುತ್ತಿಗೆಗೆ ನೇತು ಹಾಕಿದ ಕನ್ನಡಕ. ನೀಲವ್ವ ಇಳಕಲ್ ಸೀರೆಯುಟ್ಟು, ಎರಡು ಊರುಗೋಲುಗಳ ಮೇಲೆ ಬಂದು ಆರೋಪಿಯ ಕುರ್ಚಿಯಲ್ಲಿ ಕೂತಳು. ಪಕ್ಕದಲ್ಲಿ ದುಭಾಷಿ ಜಯಾ ಮೇಡಂ, ಮೈಸೂರಿನವರು. ಹಿಂದಿನ ಸಾಲಿನಲ್ಲಿ ಮಧುಮತಿ, ಶಾಹಬಾಜ್.

ಮೊದಲು ಕೊಮಿಸ್ಸಾರ್ ಲೆಂಟ್ಸ್ ಸಾಕ್ಷಿ ಹೇಳಿದ. ಸುಳ್ಳು ಹೇಳುವ ಮುಖವಲ್ಲ ಅದು. ಗುಂಡಿನ ಸದ್ದು ಕೇಳಿತು, ನನ್ನ ಮೊಣಕಾಲಿನ ಕೆಳಗೆ ಒಬ್ಬನಿದ್ದ, ಪಕ್ಕದಿಂದ ಒಂದು ಕೈ ನನ್ನ ಗಂಟಲಿಗೆ ಬಂತು, ನೂಕಿದೆ, ಅಷ್ಟೇ ಎಂದ. ಆಕೆಯ ಮೂಳೆ ಮುರಿದದ್ದಕ್ಕೆ ವಿಷಾದವಿದೆ ಎಂದೂ ಹೇಳಿದ. ಗಂಟಲು ಎಂದರೆ ನಿಖರವಾಗಿ ಎಲ್ಲಿ ಎಂದು ನ್ಯಾಯಾಧೀಶೆ ಕೇಳಿದಳು. ಅವನು ದವಡೆಯ ಕೆಳಗೆ ಬೆರಳಿಟ್ಟ. ಅದು ಗದ್ದವೋ ಗಂಟಲೋ ಎಂಬುದು ಗಡ್ಡದೊಳಗೆ ಮುಚ್ಚಿಹೋಯಿತು.

ಆಮೇಲೆ ಸುನಿಲಕುಮಾರನನ್ನು ಕರೆದರು.

'ನೀವು ಆರೋಪಿಯ ಮಗ' ಎಂದಳು ನ್ಯಾಯಾಧೀಶೆ. 'ಸಾಕ್ಷಿ ಹೇಳದಿರುವ ಹಕ್ಕು ನಿಮಗಿದೆ. ಸುಮ್ಮನಿದ್ದರೆ ಅದರಿಂದ ನಿಮ್ಮ ತಾಯಿಗೆ ಯಾವ ತೊಂದರೆಯೂ ಇಲ್ಲ.'

ಬಾಯಿ ಮುಚ್ಚಿಕೊಳ್ಳುವ ಹಕ್ಕಿನ ಹಿಂದೆ ಅವಿತುಕೊಳ್ಳುವವರ ಬಗ್ಗೆ ಸುನಿಲಕುಮಾರ ಎರಡು ಸಂಚಿಕೆ ಮಾಡಿದ್ದ. 'ನಾನು ಮಾತಾಡುತ್ತೇನೆ' ಎಂದ. ವಕೀಲೆ ಕಣ್ಣು ಮುಚ್ಚಿದಳು.

ಅವನು ಜರ್ಮನ್‌ನಲ್ಲಿ ಮಾತಾಡಿದ. ಜಯಾ ಮೇಡಂ ನೀಲವ್ವನ ಕಿವಿಯಲ್ಲಿ ಕನ್ನಡ ಪಿಸುಗುಟ್ಟುತ್ತ ಹೋದರು. ಪೊಲೀಸರು ಬಂದದ್ದು ಸರಿ, ಬಾಗಿಲು ಒಡೆದದ್ದು ಸರಿ, ತನ್ನ ಭುಜ ತಿರುಚಿದ್ದೂ ಸರಿ ಎಂದ.

'ನಿಮ್ಮ ತಾಯಿಯನ್ನು ನೂಕಿದ್ದು?' ಸರ್ಕಾರಿ ವಕೀಲ ಕೇಳಿದ. ಅವನಿಗೆ ಇಂಥ ಸಾಕ್ಷಿ ಹಿಂದೆ ಸಿಕ್ಕಿರಲಾರದು.

'ಅದೂ ಸರಿ. ಅವರ ಸ್ಥಾನದಲ್ಲಿ ನಾನೂ ಹಾಗೇ ಮಾಡುತ್ತಿದ್ದೆ.'

'ಹಾಗಾದರೆ ಅದು ಹಲ್ಲೆಯಾಗಿತ್ತೆ?'

'ಕೈ ಮೇಲೆ ಹೋಯಿತು.'

'ಯಾವ ಉದ್ದೇಶದಿಂದ?'

'ಉದ್ದೇಶ ಕಾಣುವುದಿಲ್ಲ. ಕೈ ಕಾಣುತ್ತದೆ.'

'ನಿಮಗೆ ಗೊತ್ತಿಲ್ಲವೆ?'

'ಇನ್ನೊಬ್ಬರ ಒಳಗೆ ಏನಿದೆ ಎಂದು ನಾನು ಪ್ರಮಾಣ ಮಾಡಲಾರೆ.'

ಜಯಾ ಮೇಡಂ ಆ ಮಾತಿನ ಮುಂದೆ ಒಂದು ಕ್ಷಣ ತಡೆದರು. ಆದರೆ ಪ್ರತಿಜ್ಞೆ ಮಾಡಿದ ದುಭಾಷಿ, ಹೇಳಲೇಬೇಕು. 'ನಿಮ್ಮ ಮನಸ್ಸಿನಲ್ಲಿ ಏನಿತ್ತು ಅಂತ ಗೊತ್ತಿಲ್ಲ ಅಂತಿದ್ದಾರೆ, ಅಮ್ಮ.'

'ಯಾರು?'

'ನಿಮ್ಮ ಮಗ.'

ನೀಲವ್ವ ಎದ್ದಳು. ಚಿಕ್ಕ ಕೋಣೆ; ಸಾಕ್ಷಿಯ ಕುರ್ಚಿ ಕೋಲಿಗೆ ಎಟುಕುವಷ್ಟೇ ದೂರದಲ್ಲಿತ್ತು. ಎಡ ಊರುಗೋಲು ಮೇಜಿಗೆ ಒರಗಿತು, ಬಲ ಊರುಗೋಲು ನೆಲ ಬಿಟ್ಟಿತು. ಅಲ್ಯುಮಿನಿಯಂ ಕೋಲು ಗಾಳಿಯಲ್ಲಿ ಅರ್ಧ ಸುತ್ತು ಬಂದು ಮಗನ ಹುಬ್ಬಿನ ಮೇಲೆ ಬಿತ್ತು. ಅವನು ಕುರ್ಚಿಯಿಂದ ವಾಲುವ ಮೊದಲೇ ಎರಡನೆಯದು ಕಿವಿಗೆ ಬಿತ್ತು. ಮೂರನೆಯದು ಕೆಟ್ಟ ಭುಜಕ್ಕೆ. ಚರ್ಮ ಹರಿದು ರಕ್ತ ಕಣ್ಣಿಗಿಳಿಯಿತು. ಅವನು ಕೈ ಅಡ್ಡ ಹಿಡಿಯಲಿಲ್ಲ. ಹಿಡಿದರೆ ಅದು ಎದುರು ಹಲ್ಲೆ ಎನಿಸೀತು ಎಂದೋ, ಅಥವಾ ಅಭ್ಯಾಸಬಲವೋ.

'ಗೊತ್ತಿಲ್ಲೇನು? ನಿನಗ ಗೊತ್ತಿಲ್ಲೇನೋ, ಭಾಡ್ಯಾ?' ನೀಲವ್ವನ ಧ್ವನಿ ಕೋಣೆ ತುಂಬಿತು. 'ನಿಮ್ಮಪ್ಪನ ಗದ್ದಾ ಹಿಡಿಯೂ ಮುಂದ ನನ್ನ ಸೆರಗ ಹಿಡ್ಕೊಂಡ ನಿಂತಿರತಿದ್ದೆಲ್ಲೋ! ಅವರನ್ನ ಕೊಲ್ಲಾಕ ಹಿಡೀತಿದ್ನೇನು? ಹೇಳಲೇ! ನಾ ತವರಮನಿಗೆ ಹೋದ ದಿನಾ ಏನಾತು, ಅದನ್ನೂ ಹೇಳು!'

ಸಮವಸ್ತ್ರದ ಕಾವಲುಗಾರ ಓಡಿ ಬಂದ. ಕೋಲು ಇನ್ನೂ ಅವಳ ಕೈಯಲ್ಲಿದೆ ಎಂದು ಕಂಡು ಅರ್ಧ ದಾರಿಯಲ್ಲಿ ನಿಂತ. ಕೊಮಿಸ್ಸಾರ್ ಲೆಂಟ್ಸ್ ಕುರ್ಚಿಯನ್ನು ಗೋಡೆಯವರೆಗೆ ಹಿಂದೆ ಸರಿಸಿದ್ದ. ನ್ಯಾಯಾಧೀಶೆ ಕನ್ನಡಕ ಏರಿಸಿಕೊಂಡಳು. 'ಎಲ್ಲರೂ ಕೂತುಕೊಳ್ಳಿ. ಆರೋಪಿ ಕೂಡ. ಆಕೆ ಹೇಳಿದ್ದನ್ನು ಭಾಷಾಂತರಿಸಿ.'

ಜಯಾ ಮೇಡಂ ಭಾಷಾಂತರಿಸಿದರು. 'ಭಾಡ್ಯಾ' ಎಂಬುದನ್ನು 'ಮಗನೇ' ಎಂದು ಮಾಡಿದ್ದನ್ನು ಬಿಟ್ಟರೆ ಲೋಪವಿರಲಿಲ್ಲ.

ಕಾವಲುಗಾರ ಒಂದು ಹತ್ತಿ ಪಟ್ಟಿ ತಂದುಕೊಟ್ಟ. ಸುನಿಲಕುಮಾರ ಅದನ್ನು ಹುಬ್ಬಿಗೆ ಒತ್ತಿಕೊಂಡ.

'ಸಾಕ್ಷಿ ಮುಂದುವರಿಸುವ ಸ್ಥಿತಿಯಲ್ಲಿದ್ದೀರಾ?' ನ್ಯಾಯಾಧೀಶೆ ಕೇಳಿದಳು. 'ತಾಯಿ ತವರಿಗೆ ಹೋದ ದಿನ ಏನಾಯಿತು?'

ಅವನು ಹೇಳಬೇಕಾಗಿರಲಿಲ್ಲ. ಈಗಲೂ ಹಕ್ಕಿತ್ತು. ಪಟ್ಟಿಯನ್ನು ಮಡಿಸಿ, ರಕ್ತ ಹತ್ತದ ಬದಿಯನ್ನು ಹುಬ್ಬಿಗೆ ಒತ್ತಿಕೊಂಡ.

'ಸೈಕಲ್ ಕದ್ದ ಒಬ್ಬನನ್ನು ತಂದಿದ್ದರು' ಎಂದ. 'ನಾನು ಶಾಲೆಯಿಂದ ಬರುವಾಗ ಕೂಗು ಶುರುವಾಗಿತ್ತು. ನಮ್ಮ ಅಡುಗೆಮನೆಯ ಗೋಡೆಯೂ ಠಾಣೆಯ ಗೋಡೆಯೂ ಒಂದೇ. ಕೂಗು ಶುರುವಾದರೆ ಅವ್ವ ಹಿಟ್ಟಿನ ಕೈಯಲ್ಲೇ ಹೋಗುತ್ತಿದ್ದಳು, ಅಪ್ಪನ ಗದ್ದ ಹಿಡಿಯುತ್ತಿದ್ದಳು, ಅಪ್ಪ ನಿಲ್ಲಿಸುತ್ತಿದ್ದರು. ನಾನು ಹಿಂದೆ ನಿಂತಿರುತ್ತಿದ್ದೆ. ಎಷ್ಟು ಸಲ ಎಂದು ಎಣಿಸಿಲ್ಲ. ಆ ದಿನ ಅವ್ವ ಊರಲ್ಲಿರಲಿಲ್ಲ.'

'ನೀವು ಹೋದಿರಾ?'

'ನನ್ನ ಕೈಗೆ ಅಪ್ಪನ ಗದ್ದ ಎಟುಕುತ್ತಿರಲಿಲ್ಲ. ಸಂಜೆ ಕೂಗು ನಿಂತಿತು. ಬೆಳಿಗ್ಗೆ ಅವನನ್ನು ಗೋಣಿಯಲ್ಲಿ ಸುತ್ತಿ ಒಯ್ದರು. ಕಾಮಾಲೆಯಿಂದ ಸತ್ತ ಎಂದಾಯಿತು. ಅವನು ಕಳ್ಳನೇ ಹೌದು. ಅದು ನಿಜ.'

ಜಯಾ ಮೇಡಂ ಪಿಸುಗುಟ್ಟುವುದನ್ನು ನಿಲ್ಲಿಸಿದ್ದರು. ನೀಲವ್ವನಿಗೆ ಭಾಷಾಂತರ ಬೇಕಾಗಿರಲಿಲ್ಲ. ಮಗನ ಮುಖ ನೋಡುತ್ತಿದ್ದಳು.

'ಮತ್ತೆ ಕೇಳುತ್ತೇನೆ' ಎಂದಳು ನ್ಯಾಯಾಧೀಶೆ. 'ನಿಮ್ಮ ತಾಯಿಯ ಕೈ ಅಧಿಕಾರಿಯ ಮುಖದ ಕಡೆಗೆ ಯಾಕೆ ಹೋಯಿತು?'

'ಹೊಡೆತ ನಿಲ್ಲಿಸಲು' ಎಂದ ಸುನಿಲಕುಮಾರ. 'ಅದಕ್ಕೆ ಮಾತ್ರ ಹೋಗುತ್ತದೆ. ನನಗೆ ಗೊತ್ತು. ಆದರೂ ಅಧಿಕಾರಿ ತಪ್ಪು ಮಾಡಲಿಲ್ಲ. ಅವರಿಗೆ ಗೊತ್ತಿರಲಿಲ್ಲ.'

'ಲೇ, ಇನ್ನೂ ಅದನ್ನ ಬಿಡವಲ್ಲೆಲ್ಲೋ' ಎಂದು ಹಿಂದಿನ ಸಾಲಿನಲ್ಲಿ ಶಾಹಬಾಜ್ ಗೊಣಗಿದ. ಮಧುಮತಿ ಅವನ ಮೊಣಕೈ ತಿವಿದಳು.

ಸರ್ಕಾರಿ ವಕೀಲ ಎದ್ದು, ಇದೀಗ ಎಲ್ಲರ ಕಣ್ಣೆದುರು ನಡೆದ ಹಲ್ಲೆಯ ಬಗ್ಗೆ ಸಾಕ್ಷಿ ದೂರು ಕೊಡಲು ಬಯಸುತ್ತಾರೆಯೇ ಎಂದು ಕೇಳಿದ. ದೂರು ಹಿಂತೆಗೆದುಕೊಳ್ಳುವ ಕುಟುಂಬಗಳೇ ಅಪರಾಧದ ಬೇರು ಎಂದು ಸುನಿಲಕುಮಾರ ಬೋಧಿಸಿದ್ದ ಸಂಚಿಕೆಯನ್ನು ಆ ವಕೀಲ ನೋಡಿರಲಿಲ್ಲ. ಕೋಣೆಯಲ್ಲಿ ನೋಡಿದ್ದವನು ಶಾಹಬಾಜ್ ಒಬ್ಬನೇ; ಅದನ್ನು ಶೂಟ್ ಮಾಡಿದವನು ಅವನೇ.

ಸುನಿಲಕುಮಾರ ಉತ್ತರಿಸಲು ಯೋಚಿಸುತ್ತಿರುವಾಗ ನ್ಯಾಯಾಧೀಶೆ, ಯೋಚಿಸಲು ಮೂರು ತಿಂಗಳ ಕಾಲಾವಕಾಶ ಇದೆ ಎಂದು ತಿಳಿಸಿ, ಅರ್ಧ ಗಂಟೆ ಒಳಗೆ ಹೋಗಿ ಬಂದು, ನಿಂತುಕೊಂಡು ತೀರ್ಪು ಓದಿದಳು. ಈ ಹೆಂಗಸು ಹೊಡೆಯಬೇಕೆಂದಾಗ ಹೇಗೆ ಹೊಡೆಯುತ್ತಾಳೆ ಎಂಬುದನ್ನು ನ್ಯಾಯಾಲಯ ಖುದ್ದಾಗಿ ನೋಡಿದೆ. ಅಧಿಕಾರಿಗೆ ಆಕೆ ಮಾಡಿದ್ದು ಅದಲ್ಲ ಎಂಬುದು ಅದರ ಸಾರಾಂಶ. ಅಧಿಕಾರಿಯ ಕಡೆಯಿಂದಲೂ ತಪ್ಪು ಕಾಣುವುದಿಲ್ಲ ಎಂದು ಕೊನೆಯಲ್ಲಿ ಸೇರಿಸಿದಳು.

ನೀಲವ್ವ ಖುಲಾಸೆಯಾದಳು. ಕೋರ್ಟಿನಲ್ಲಿ ಅಶಿಸ್ತಿಗಾಗಿ ನೂರೈವತ್ತು ಯೂರೋ ದಂಡ ಬಿತ್ತು. ರಸೀದಿ ತೆಗೆದುಕೊಂಡು ಕಟ್ಟಿದಳು. ಸುನಿಲಕುಮಾರನ ಹುಬ್ಬಿಗೆ ಹೊಲಿಗೆ ಹಾಕಿದರು. ಅವನು ದೂರು ಕೊಡಲಿಲ್ಲ.